ಪೆನ್ನು ಹಿಡಿದವರಿಗೆ ಹೇಳದ ಹೆಸರು

ಈ ಸಲ ನೈರೋಬಿಯಲ್ಲಿ ನಮಗೆ ಒಳ್ಳೆಯ ತೆಂಗಿನೆಣ್ಣೆ ಸಿಗಲಿಲ್ಲ. ಮೊಂಬಾಸಾದಿಂದ ಬಂದ ಎಣ್ಣೆಗೆ ಏನೋ ಬೆರಕೆ ಹಾಕಿದ್ದರು, ಒಲೆಯ ಮೇಲಿಟ್ಟರೆ ನೊರೆ ಏಳುತ್ತಿತ್ತು. ನನ್ನ ತಂಗಿ ಸೀತಿ ಬೈದುಕೊಂಡು ಹೋಗಿ ಸುಡಾನಿನವರ ಅಂಗಡಿಯಿಂದ ಒಂದು ಡಬ್ಬ ಎಳ್ಳೆಣ್ಣೆ ತಂದಳು. ಅವಳು ಮುಚ್ಚಳ ತೆಗೆದ ಕೂಡಲೇ ನಾನು ಸೆರಗನ್ನು ಮೂಗಿಗೆ ಹಿಡಿದು ಹೊರಗೆ ಬಂದು ಲಾರಿಗಳನ್ನು ನೋಡುತ್ತ ನಿಂತೆ.

"ಯಾಕಕ್ಕಾ, ಎಣ್ಣೆ ಕೆಟ್ಟೋಗೈತಾ?" ಎಂದು ಒಳಗಿನಿಂದ ಕೂಗಿದಳು.

"ಇಲ್ಲ ಕಣೆ, ಚೆನ್ನಾಗೈತೆ. ಕಾಯ್ಸು."

ಚೆನ್ನಾಗಿಯೇ ಇತ್ತು. ಅದು ನನ್ನ ಮಗನ ಅಂಗಿಯ ವಾಸನೆ. ಅವನು ವ್ಯಾಪಾರ ಮಾಡುತ್ತಿದ್ದದ್ದು ಸುಡಾನಿನಲ್ಲಿ. ಅಲ್ಲಿ ತೆಂಗು ಇಲ್ಲ, ಎಳ್ಳು ಬೇಕಾದಷ್ಟು. ಅವನು ಊರಿಗೆ ಬಂದರೆ ಅವನ ಬಟ್ಟೆ, ಚೀಲ, ತಲೆ, ಮಗುವಿಗೆ ತಂದ ಬಿಸ್ಕತ್ತು ಎಲ್ಲವೂ ಈ ವಾಸನೆ ಹೊಡೆಯುತ್ತಿದ್ದವು. ಮೂರು ವರ್ಷದಿಂದ ಇದು ನನ್ನ ಹತ್ತಿರ ಸುಳಿದಿರಲಿಲ್ಲ. ಸುಳಿಯದ ಹಾಗೆ ನಾನೇ ನೋಡಿಕೊಂಡಿದ್ದೆ.

ನಾವು ಹಕ್ಕಿಪಿಕ್ಕಿಗಳು. ಹಿಂದೆ ಬಲೆ ಹಾಕಿ ಹಕ್ಕಿ ಹಿಡಿಯುತ್ತಿದ್ದೆವು. ಅದು ಅಪರಾಧ ಎಂದಾದ ಮೇಲೆ ಪ್ಲಾಸ್ಟಿಕ್ ಹೂ ಮಾರಿದೆವು, ಸೂಜಿ ಪಿನ್ನು ಮಾರಿದೆವು, ಆಮೇಲೆ ಬೇರು ಸೊಪ್ಪು ಹಾಕಿ ಕಾಯಿಸಿದ ತಲೆಯೆಣ್ಣೆ ಹಿಡಿದೆವು. ಎಣ್ಣೆ ನಮ್ಮನ್ನು ದೇಶ ದಾಟಿಸಿತು. ಹುಣಸೂರು ಕಡೆಯ ನಮ್ಮ ಕಾಲೊನಿಯಲ್ಲಿ ಬೆಂಗಳೂರು ನೋಡದವರು ಆಫ್ರಿಕಾ ನೋಡಿ ಬಂದಿದ್ದಾರೆ. ಎಣ್ಣೆ ಹಚ್ಚಿದರೆ ಕೂದಲು ಬರುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ಇರುವವರಿಗೆ ಇರುತ್ತದೆ. ಜನ ನಮ್ಮ ಕೂದಲು ನೋಡಿ ಕೊಳ್ಳುತ್ತಾರೆ, ಅಷ್ಟೆ.

ನಮ್ಮಲ್ಲಿ ಹಿರಿಯ ಮಗನ ತಲೆಗೆ ಕತ್ತರಿ ತಾಗಿಸುವುದಿಲ್ಲ. ಮನೆಯ ಹಿರಿಮಗ ಯಾರು ಎಂದು ದೂರದಿಂದಲೇ ಗೊತ್ತಾಗಲಿ ಎಂದು ಹಿಂದಿನವರು ಮಾಡಿದ ಕಟ್ಟಳೆ. ಈಗಿನವರು ಬಸ್‌ಸ್ಟ್ಯಾಂಡಿನ ಸಲೂನಿಗೆ ಹೋಗಿ ಹೀರೋಗಳ ಹಾಗೆ ಕತ್ತರಿಸಿಕೊಂಡು ಬರುತ್ತಾರೆ. ನನ್ನ ಮಗ ಕತ್ತರಿಸಲಿಲ್ಲ. ಸೊಂಟ ಮುಟ್ಟುತ್ತಿತ್ತು. ಅವನು ಹುಟ್ಟಿದ್ದು ಹಾಸನದ ಬಸ್ ಡಿಪೋ ಹಿಂದೆ ಹಾಕಿದ್ದ ಟೆಂಟಿನಲ್ಲಿ, ಆದ್ದರಿಂದ ಹೆಸರು ಡಿಪೋ. ನಮ್ಮಲ್ಲಿ ಹೀಗೆ ಹೆಸರಿಡುವುದು ಉಂಟು. ನಗುವವರು ನಗಲಿ.

ಮೂರು ವರ್ಷದ ಹಿಂದೆ ಡಿಪೋ ತನ್ನ ಹೆಂಡತಿ ರೋಜಾಳನ್ನೂ ನಮ್ಮ ಕಾಲೊನಿಯ ಇನ್ನೈದು ಜನರನ್ನೂ ಕಟ್ಟಿಕೊಂಡು ಸುಡಾನಿನ ಖಾರ್ಟೂಮಿಗೆ ಹೋಗಿದ್ದ. ನಾನು ಮತ್ತು ಸೀತಿ ನೈರೋಬಿಗೆ ಬಂದಿದ್ದೆವು. ಅವನ ಮಗಳು, ನಾಲ್ಕು ವರ್ಷದ್ದು, ಕಾಲೊನಿಯಲ್ಲಿ ರೋಜಾಳ ಅಪ್ಪನ ಮನೆಯಲ್ಲಿತ್ತು.

ನಮ್ಮ ಕೋಣೆ ಇಂಡಸ್ಟ್ರಿಯಲ್ ಏರಿಯಾದ ಗೋಡೌನುಗಳ ಹಿಂದೆ. ಏಪ್ರಿಲಿನಲ್ಲಿ ಮಳೆ ಹಿಡಿದರೆ ಇಲ್ಲಿ ಬಿಡುವುದಿಲ್ಲ. ಬೆಳಿಗ್ಗೆ ಬಿಸಿಲು ಆಸೆ ತೋರಿಸುತ್ತದೆ, ಮಧ್ಯಾಹ್ನಕ್ಕೆ ಮೋರಿಯ ನೀರು ರಸ್ತೆಗೆ ಬರುತ್ತದೆ. ಲಾರಿಗಳು ಒಂದರ ಹಿಂದೆ ಒಂದು ನಿಂತು ಹೊಗೆ ಬಿಡುತ್ತವೆ. ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ನಾವು ಗೇಟಿನ ಎದುರು ಕೊಡೆ ಹಿಡಿದು ನಿಲ್ಲುತ್ತಿದ್ದೆವು. ಸೀತಿ ಜಡೆ ಬಿಚ್ಚಿ ಒಂದು ಸಲ ಕೊಡವುತ್ತಿದ್ದಳು. ಹೆಂಗಸರು ಬಂದು ಎಳೆದು ನೋಡುತ್ತಿದ್ದರು, ಸವರಿಯೋ ನಿಜವೋ ಎಂದು. "ಎಳೀರಿ, ಎಳೀರಿ, ಕೈಗೆ ಬಂದ್ರೆ ಎಣ್ಣೆ ಪುಕ್ಕಟೆ," ಎಂದು ಕನ್ನಡದಲ್ಲೇ ಅನ್ನುತ್ತಿದ್ದಳು. ಅವರಿಗೆ ಅರ್ಥವಾಗುತ್ತಿತ್ತು. ನನಗೆ ಅಲ್ಲಿ ಮಾಮಾ ಮಫುತಾ ಎಂದು ಹೆಸರು, ಎಣ್ಣೆಯಮ್ಮ ಎಂದು ಅರ್ಥ.

ವಾರಕ್ಕೆರಡು ದಿನ ಮಟಾಟು ಎನ್ನುವ ಬಾಡಿಗೆ ವ್ಯಾನು ಹತ್ತಿ ಕಿಲೆಲೆಶ್ವಾಕ್ಕೆ ಹೋಗಿ ಫ್ಲಾಟುಗಳಲ್ಲಿ ಮಾರುತ್ತಿದ್ದೆವು. ಸ್ಪ್ರಿಂಗ್ ವ್ಯಾಲಿಯ ಕಡೆ ತಲೆ ಹಾಕುತ್ತಿರಲಿಲ್ಲ, ಅಲ್ಲಿ ಗೇಟಿನಿಂದ ಮನೆಯ ಬಾಗಿಲಿಗೇ ಒಂದು ಪ್ರಯಾಣ, ನಡುವೆ ನಾಯಿ. ಕಿಲೆಲೆಶ್ವಾದ ಫ್ಲಾಟುಗಳ ಗೇಟಿನಲ್ಲಿ ಕಾವಲುಗಾರ ಒಂದು ದಪ್ಪ ಪುಸ್ತಕ ಇಟ್ಟುಕೊಂಡಿರುತ್ತಾನೆ. ಬಂದವರ ಹೆಸರು ಬರೆಯಬೇಕು. ನಾನು ಒಂದು ದಿನ ಸಾವಿತ್ರಿ, ಒಂದು ದಿನ ಲಕ್ಷ್ಮಿ, ಒಂದು ದಿನ ಗೌರಿ. ಅಲ್ಲೊಬ್ಬ ಕಾವಲುಗಾರ, ಹಲ್ಲು ಬಿಟ್ಟರೆ ಮುಖವೇ ಕಾಣದಂಥವನು, "ಮಾಮಾ ಮಫುತಾ, ಇವತ್ತು ಯಾವ ಹೆಸರು?" ಎಂದು ಕೇಳಿ ಪೆನ್ನು ಕಿವಿಯಿಂದ ತೆಗೆಯುತ್ತಿದ್ದ.

ನಕ್ಕರೂ ನಿಜವಾದ ಹೆಸರು ನನ್ನ ಬಾಯಿಂದ ಬರುತ್ತಿರಲಿಲ್ಲ. ಪೆನ್ನು ಹಿಡಿದವನ ಮುಂದೆ ಹೆಸರು ಹೇಳಬಾರದು. ಇದು ನಮಗೆ ಹಾಲಿನ ಜೊತೆ ಬಂದ ಪಾಠ. ಹೆಂಗಸರು ಮಕ್ಕಳು ಬೇಕಾದರೆ ಬರೆಸಲಿ. ಗಂಡಸರು ಎಲ್ಲಿ ಎಂದು ಕೇಳಿದರೆ ಸಂತೆಗೆ ಹೋದರು, ಸತ್ತುಹೋದರು, ಗೊತ್ತಿಲ್ಲ. ನನ್ನ ಗಂಡ ಒಂದೇ ಒಂದು ಸಲ ನಿಜವಾದ ಹೆಸರು ಹೇಳಿದ. ಕಾಡಿನ ಕಡೆಯ ಸಾಹೇಬರು ಬಂದು, ಜಮೀನು ಕೊಡುತ್ತೇವೆ, ಹೆಸರು ಬರೆಸಿ ಎಂದರು. ಎರಡು ವಾರ ಕಳೆದು ಅದೇ ಕಾಗದ ಹಿಡಿದು ಜೀಪು ಬಂತು. ಬಲೆಯ ಸಮೇತ ಹೊತ್ತೊಯ್ದರು. ಜೈಲಿನಿಂದ ಕೆಮ್ಮು ತಂದ, ಮಳೆಗಾಲಕ್ಕೆ ಮುಂಚೆ ಸತ್ತ. ಡಿಪೋಗೆ ಆಗ ಆರು ವರ್ಷ. ಜೀಪಿನ ಹಿಂದೆ ಗೇಟಿನ ತನಕ ಓಡಿದವನು ಅವನೇ. ಆಮೇಲೆ ಅವನಿಗೆ ನಾನು ಹೇಳಿಕೊಟ್ಟದ್ದು ಒಂದೇ ಮಾತು: ಸರ್ಕಾರ ಹೆಸರು ಕೇಳಿದರೆ ಬೇರೆಯದು ಹೇಳು.

ರಂಜಾನ್ ಮುಗಿಯುವ ಹೊತ್ತಿಗೆ ಖಾರ್ಟೂಮಿನಲ್ಲಿ ಗುಂಡು ಹಾರಿತು. ಅಲ್ಲಿಯ ಸರ್ಕಾರವೇ ಅನ್ನ ಹಾಕಿ, ಬಂದೂಕು ಕೊಟ್ಟು ಬೆಳೆಸಿದ ಒಂದು ದಂಡು ಸರ್ಕಾರದ ಸೈನ್ಯದ ಮೇಲೆಯೇ ತಿರುಗಿಬಿದ್ದಿತ್ತು. ಒಂದು ವಾರದಲ್ಲಿ ಮುಗಿಯುತ್ತದೆ ಎಂದರು. ಮೂರು ವರ್ಷವಾಯಿತು, ಇನ್ನೂ ಮುಗಿದಿಲ್ಲ. ಯಾರು ಸರಿ ಯಾರು ತಪ್ಪು ನನಗೆ ಗೊತ್ತಿಲ್ಲ. ಮೇಲಿನಿಂದ ಒಬ್ಬರು ಬಾಂಬು ಹಾಕಿದರು, ಕೆಳಗೆ ಇನ್ನೊಬ್ಬರು ಮನೆಗೆ ನುಗ್ಗಿದರು. ನಡುವೆ ಇದ್ದವರು ಜನ.

ಡಿಪೋ ಫೋನ್ ಮಾಡುತ್ತಿದ್ದ. ಮೊದಲ ದಿನ ನಗುತ್ತಿದ್ದ, "ಅವ್ವಾ, ದೀಪಾವಳಿ ನಡೀತಾ ಐತೆ," ಎಂದು. ನಾಲ್ಕನೆಯ ದಿನ ನೀರಿಲ್ಲ ಎಂದ. ಆರನೆಯ ದಿನವೋ ಏಳನೆಯ ದಿನವೋ, ನಾನು ಕಾರ್ಖಾನೆಯ ಗೇಟಿನಲ್ಲಿ ಮಳೆಯಲ್ಲಿ ನಿಂತಿದ್ದಾಗ, ಮತ್ತೆ ಮಾಡಿದ.

"ಅವ್ವಾ, ನಮ್ಮ ಇಂಡಿಯಾ ಸರ್ಕಾರದೋರು ಫೋನ್ ಮಾಡಿದ್ರು. ಬಸ್ಸು ಕಳಿಸ್ತಾರಂತೆ, ಸಮುದ್ರದ ತಂಕ. ಅಲ್ಲಿಂದ ಹಡಗು. ಎಲ್ಲಾರ ಹೆಸರೂ ಪಾಸ್‌ಪೋರ್ಟ್ ನಂಬರೂ ಕೇಳ್ತಾವ್ರೆ. ಕೊಡ್ಲಾ?"

"ಬಸ್ಸು ಬಂದೈತಾ?"

"ಇನ್ನೂ ಇಲ್ಲ."

"ಬಸ್ಸು ಬರೋಕ್ ಮುಂಚೆ ಹೆಸರ್ಯಾಕೆ? ಲೈಸೆನ್ಸ್ ಇಲ್ದೆ ಎಣ್ಣೆ ಮಾರ್ತೀರಿ ಅಂತ ಗೊತ್ತಾದ್ರೆ ಇಳಿದ ಕೂಡ್ಲೆ ಹಿಡ್ಕೋತಾರೆ. ರೋಜಾದು ಕೊಡು, ಉಳಿದೋರ್ದು ಅವರಿಷ್ಟ. ನಿಂದು ಮಾತ್ರ ಕೊಡಬ್ಯಾಡ. ಬಸ್ಸು ಬಂದಾಗ ಹತ್ಕೋ."

"ಸರಿ ಅವ್ವಾ," ಎಂದ. ವಾದ ಮಾಡಲಿಲ್ಲ. ವಾದ ಮಾಡುವ ಹಾಗೆ ನಾನು ಬೆಳೆಸಿರಲಿಲ್ಲ.

ಬಸ್ಸು ನಿಜವಾಗಿಯೂ ಬಂತು. ಮುಂದಿನದನ್ನು ರೋಜಾ ಆಮೇಲೆ ಹೇಳಿದ್ದು. ಬಸ್ಸಿನ ಜೊತೆ ಬಂದಿದ್ದವನು ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆದು ಹತ್ತಿಸಿದ. ಡಿಪೋ ಕೊನೆಯಲ್ಲಿ ಹೋಗಿ ನಿಂತ. ಪಟ್ಟಿಯಲ್ಲಿ ಇಲ್ಲ. ಪಟ್ಟಿಯವನು ಕೆಟ್ಟವನಲ್ಲ, ಕೈ ಮುಗಿದನಂತೆ. ದಾರಿಯುದ್ದಕ್ಕೂ ತಿರುಗಿಬಿದ್ದವರ ನಾಕಾಗಳು. ಒಂದೊಂದರಲ್ಲೂ ಪಟ್ಟಿಯ ಹೆಸರಿಗೂ ಬಸ್ಸಿನ ತಲೆಗೂ ತಾಳೆ ನೋಡುತ್ತಾರೆ. ಒಂದು ತಲೆ ಹೆಚ್ಚಾದರೆ ಗೂಢಚಾರ ಎಂದು ಎಲ್ಲರನ್ನೂ ಇಳಿಸುತ್ತಾರೆ. ರೋಜಾ ತಾನೂ ಇಳಿಯುತ್ತೇನೆಂದು ಬಾಗಿಲು ಹಿಡಿದಳು. ಡಿಪೋ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ತಳ್ಳಿದನಂತೆ. "ಮಗಾ ಊರಲ್ಲೈತೆ. ನಾಳಿದ್ದು ಇನ್ನೊಂದು ಬಸ್ಸು ಬರುತ್ತೆ," ಎಂದನಂತೆ.

ಕಿಲೆಲೆಶ್ವಾದಲ್ಲಿ ವಿಮಲಾ ಮೇಡಂ ಎನ್ನುವವರಿದ್ದರು. ಮೈಸೂರಿನವರು, ಕಾಲೇಜಿನಲ್ಲಿ ಪಾಠ ಹೇಳುವವರು, ಇಪ್ಪತ್ತು ವರ್ಷದಿಂದ ನೈರೋಬಿಯಲ್ಲೇ ಇದ್ದವರು. ಹಿಂದಿನ ತಿಂಗಳು ನಾವು ಗೇಟಿನ ಹತ್ತಿರ ಕನ್ನಡದಲ್ಲಿ ಜಗಳವಾಡುವುದನ್ನು ಕೇಳಿ ಬಾಲ್ಕನಿಗೆ ಓಡಿ ಬಂದಿದ್ದರು. "ಹಕ್ಕಿಪಿಕ್ಕಿಯವ್ರಾ? ಇಲ್ಲಿಗೂ ಬಂದ್ರಾ?" ಎಂದಿದ್ದರು. ಅದರಲ್ಲಿ ಎಷ್ಟು ಸಂತೋಷ, ಎಷ್ಟು ಭಯ ಎಂದು ನಾನು ಅಳೆಯಲಿಲ್ಲ. ಎಣ್ಣೆ ಕೊಳ್ಳಲಿಲ್ಲ, ಕಾಫಿ ಕೊಟ್ಟರು. ರೋಜಾ ಹಡಗಿನ ಊರು ಮುಟ್ಟಿ ಫೋನ್ ಮಾಡಿದ ದಿನ ನಾನು ನೆನೆದುಕೊಂಡೇ ಅವರ ಮನೆಗೆ ಹೋದೆ. ಯಾರು ಯಾರಿಗೋ ಫೋನ್ ಮಾಡಿ ಪಟ್ಟಿಯನ್ನು ತಮ್ಮ ಫೋನಿಗೆ ತರಿಸಿಕೊಂಡರು.

"ಅಜ್ಜಿ, ಇಲ್ಲಿ ಆರು ಹೆಸರಿದೆ. ನಿಮ್ಮ ಮಗನ್ದೇ ಇಲ್ವಲ್ಲ! ಅವ್ರು ಮರ್ತಿದಾರಾ? ನಾನು ಈಗ್ಲೇ ಕಂಪ್ಲೇಂಟ್ ಮಾಡ್ತೀನಿ."

"ಮರ್ತಿಲ್ಲ ಅಮ್ಮೋರೆ. ನಾನೇ ಕೊಡಬ್ಯಾಡ ಅಂದೆ."

"ಯಾಕೆ? ಯಾಕಜ್ಜಿ? ಅದು ನಮ್ಮ ಗೌರ್ನಮೆಂಟು!"

"ಅದಕ್ಕೇ."

ಅವರು ಕೂಗಾಡಿದರು. ಒಳಗಿನಿಂದ ಅವರ ಮಗಳು, ಹೈಸ್ಕೂಲಿನವಳು, ಬಂದು "ಮಮ್ಮಿ, ಡೋಂಟ್ ಶೌಟ್ ಅಟ್ ಹರ್," ಎಂದು ನನಗೊಂದು ಟವಲು ಕೊಟ್ಟಳು. ಕೂಗಾಡಿದ್ದು ಸರಿಯೇ ಇತ್ತು. ಕೂಗಾಡಿ ಮುಗಿಸಿ ಮೇಡಂ ಅವತ್ತೇ ಡಿಪೋನ ಹೆಸರು, ಅಪ್ಪನ ಹೆಸರು, ಪಾಸ್‌ಪೋರ್ಟ್ ನಂಬರು ಎಲ್ಲ ಬರೆದು ಕಳಿಸಿದರು. ಮುಂದಿನ ಬಸ್ಸಿನ ಪಟ್ಟಿಗೆ ಸೇರಿಸುತ್ತೇವೆ ಎಂದು ಆ ಕಡೆಯಿಂದ ಉತ್ತರ ಬಂತು.

ಅಷ್ಟರಲ್ಲಿ ಖಾರ್ಟೂಮಿನಲ್ಲಿ ಅವನಿದ್ದ ಬೀದಿಗೆ ಬಂದೂಕಿನವರು ನುಗ್ಗಿದ್ದರು. ಡಿಪೋ ಎಣ್ಣೆಯ ಡಬ್ಬಗಳನ್ನೆಲ್ಲ ಬಿಟ್ಟು ಊರಿನ ಇನ್ನೊಂದು ತುದಿಗೆ ಓಡಿದ. ಅಲ್ಲಿಂದ ಫೋನು ಸಿಗುವುದು ಕಷ್ಟ. ಮೇ ತಿಂಗಳಲ್ಲಿ ಮೂರು ಸಲ ಸಿಕ್ಕಿತು. ಮೂರನೆಯ ಸಲ ಮಳೆಯ ಸದ್ದಿಗೆ ನನಗೆ ಸರಿಯಾಗಿ ಕೇಳಿಸಲಿಲ್ಲ, ಕೋಣೆಯ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಬೀಳುತ್ತಿತ್ತು. ನಾನು ತಲೆಯ ಮೇಲೆ ಕಂಬಳಿ ಹೊದ್ದು ಅದರೊಳಗೆ ಫೋನು ಇಟ್ಟುಕೊಂಡೆ.

"ಹೊಸಾ ಜಾಗಕ್ಕೆ ಬಂದಿವ್ನಿ ಅವ್ವಾ. ಒಳ್ಳೇ ಜನ. ಬಂದೂಕಿನೋರು ಮನೆಮನೆಗೂ ನುಗ್ಗಿ ಗಂಡಸ್ರ ಹೆಸರು ಕೇಳ್ತಾವ್ರೆ. ನೀನೇನೂ ಹೆದರ್ಕೋಬ್ಯಾಡ. ಇಲ್ಲಿ ಯಾರ್ಗೂ ನನ್ನ ಹೆಸರು ಹೇಳಿಲ್ಲ, ನೀನು ಹೇಳ್ದಂಗೇ."

ಬಸ್ಸಿನ ಪಟ್ಟಿಯಲ್ಲಿ ಈಗ ನಿನ್ನ ನಿಜವಾದ ಹೆಸರಿದೆ, ಯಾರಾದರೂ ಕೇಳಿಕೊಂಡು ಬಂದರೆ ಹೇಳು ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ. ಆಮೇಲೆ ಆ ನಂಬರು ಹತ್ತಲೇ ಇಲ್ಲ.

ಜೂನ್ ಕಳೆದು ಮಳೆ ನಿಂತು ನೈರೋಬಿಯ ಚಳಿ ಬಂತು. ಸೂರ್ಯ ಕಾಣದ ಚಳಿ, ಬೂದಿ ಹೊದ್ದ ಆಕಾಶ. ವೀಸಾ ಮುಗಿಯುತ್ತ ಬಂದಿತ್ತು, ಸೀತಿ ಊರಿಗೆ ಹೋಗೋಣ ಎಂದಳು. "ಹೋಗು," ಎಂದೆ. ಅವಳು ಬೈದಳು, ಹೋಗಲಿಲ್ಲ. ವಿಮಲಾ ಮೇಡಂ ಹೇಳಿ ವೀಸಾ ಮುಂದೆ ಹಾಕಿಸಿದರು. ಸುಡಾನಿನಿಂದ ತಪ್ಪಿಸಿಕೊಂಡ ಜನ, ಸ್ವಲ್ಪ ಅನುಕೂಲ ಇದ್ದವರು, ನೈರೋಬಿಗೆ ಬಂದು ಕಿಲೆಲೆಶ್ವಾದಲ್ಲಿ ಫ್ಲಾಟು ಹಿಡಿಯುತ್ತಿದ್ದರು. ನಾನು ಎಣ್ಣೆಯ ಬಾಟಲು ಹಿಡಿದು ಅವರ ಬಾಗಿಲು ತಟ್ಟಿದೆ.

ಅಷ್ಟು ವ್ಯಾಪಾರ ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ಯುದ್ಧದಿಂದ ಬಂದ ಹೆಂಗಸರ ಕೂದಲು ಉದುರುತ್ತಿತ್ತು. ಅಲ್ಲಿರುವಾಗ ಏನೂ ಆಗಿರಲಿಲ್ಲವಂತೆ. ಇಲ್ಲಿಗೆ ಬಂದು, ಬಾಗಿಲು ಹಾಕಿಕೊಂಡು, ನಾಲ್ಕಾರು ವಾರ ನಿದ್ದೆ ಮಾಡಿದ ಮೇಲೆ ಬಾಚಣಿಗೆಗೆ ಹಿಡಿಹಿಡಿಯಾಗಿ ಬರುತ್ತಿತ್ತು. ಪ್ರತಿ ಮನೆಯಲ್ಲೂ ಬಾಟಲು ಕೊಟ್ಟು, ಸೀತಿಯ ಫೋನಿನಲ್ಲಿದ್ದ ಡಿಪೋನ ಫೋಟೋ ತೋರಿಸುತ್ತಿದ್ದೆ. ನೋಡುತ್ತಿದ್ದರು, ತಲೆಯಾಡಿಸುತ್ತಿದ್ದರು, ತಮ್ಮವರ ಫೋಟೋ ತೆಗೆದು ನನಗೆ ತೋರಿಸುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ.

ಹನಾನ್ ಸಿಕ್ಕಿದ್ದು ಹಾಗೆ. ಮೂವತ್ತೈದರ ಹೆಂಗಸು, ಎತ್ತರ, ಮೈಗೆ ಸುತ್ತಿದ ಬಟ್ಟೆ ನಮ್ಮ ಸೀರೆಯ ಹಾಗೇ. ಬಾಗಿಲು ತೆರೆದವಳು ಬಾಟಲು ಬೆಳಕಿಗೆ ಹಿಡಿದು ನೋಡಿ, "ಇದ್ರಲ್ಲಿ ಏನು ಇದೆ?" ಎಂದಳು. ಕನ್ನಡದಲ್ಲಿ! ನಾನು ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದೆ.

"ನಾನು ಮೈಸೂರು ನಾಲ್ಕು ವರ್ಷ. ಫಾರ್ಮಸಿ ಓದಿದೀನಿ," ಎಂದು ನಕ್ಕಳು. "ಹೇಳಿ ಆಂಟಿ, ಏನು ಇದೆ?"

"ನೂರಾ ಎಂಟು ಬೇರು."

"ಹೆಸರು ಹೇಳಿ."

ಹನ್ನೊಂದು ಹೇಳಿದೆ.

"ಉಳಿದಿದ್ದು ತೊಂಬತ್ತೇಳು?"

"ಅದು ಸೀಕ್ರೆಟ್ಟು."

ಅವಳು ಬಾಗಿಲಿಗೆ ಒರಗಿ ನಕ್ಕಳು, ನಗುತ್ತ ತಲೆಯ ಬಟ್ಟೆ ಸರಿಸಿ ಬೆರಳಾಡಿಸಿ ಕೈ ಚಾಚಿದಳು. ಅಂಗೈ ತುಂಬ ಕೂದಲು. "ಇದಕ್ಕೆ ಎಣ್ಣೆ ಇಲ್ಲ ಆಂಟಿ, ನಂಗೆ ಗೊತ್ತು. ಆದ್ರೂ ಹಚ್ಚಿ. ತಲೆ ಮುಟ್ಟೋರು ಯಾರೂ ಇಲ್ಲ." ಅವಳ ತಾಯಿ ಖಾರ್ಟೂಮಿನಲ್ಲೇ ಉಳಿದಿದ್ದಳು, ಅಣ್ಣನ ಜೊತೆ.

ಆ ದಿನ ಫೋಟೋ ಇದ್ದ ಫೋನು ಸೀತಿಯ ಹತ್ತಿರ ಇತ್ತು. ನಾನು ಒಬ್ಬಳೇ ಹೋಗಿದ್ದೆ. ಅವಳನ್ನು ನೆಲಕ್ಕೆ ಕೂರಿಸಿ ಹಿಂದೆ ಕುರ್ಚಿಯಲ್ಲಿ ಕೂತು ಎಣ್ಣೆ ಹಚ್ಚುತ್ತ, ನಿಮ್ಮ ಕಡೆ ಇಂಡಿಯಾದವರು ಯಾರಾದರೂ ಇದ್ದರಾ ಎಂದು ಕೇಳಿದೆ.

"ಒಬ್ಬ ಇದ್ದ," ಎಂದಳು. ನನ್ನ ಕೈ ನಿಲ್ಲಲಿಲ್ಲ. "ರಮೇಶ್. ಮೇ ತಿಂಗಳು ಬಂದ. ಎಲ್ಲಿಯವನು ಅಂತ ಕೇಳ್ದೆ. ಗುಜರಾತ್ ಅಂದ. ಇಲ್ಲ ಅಂದಿದ್ರೆ ಕನ್ನಡ ಮಾತಾಡ್ತಿದ್ದೆ. ಯಾವಾಗ್ಲೂ ತಲೆಗೆ ನಮ್ಮವರ ಥರ ಬಿಳಿ ಪೇಟ. ನಮ್ಮಮ್ಮನಿಗೆ ದಿನಾ ನೀರು ತಂದು ಕೊಡ್ತಿದ್ದ. ಜೂನಲ್ಲಿ ನೀರಿನ ಕ್ಯೂ ಮೇಲೆ ಶೆಲ್ ಬಿತ್ತು. ಒಂಬತ್ತು ಜನ. ಸ್ಮಶಾನಕ್ಕೆ ಹೋಗೋಕೆ ದಾರಿ ಇಲ್ಲ, ಸ್ಕೂಲ್ ಅಂಗಳದಲ್ಲಿ ಹೂತಿದ್ದು. ನಮ್ಮಣ್ಣನೇ ಸ್ನಾನ ಮಾಡಿಸಿದ. ಹಲಗೆ ಮೇಲೆ ಬರೆದಿದ್ದಾನೆ, ರಮೇಶ್, ಹಿಂದ್."

"ಗುಜರಾತಿನೋನು," ಎಂದೆ.

"ಹೌದು. ಪಾಪ. ಅವನು ಸಾಯೋಕೆ ಸ್ವಲ್ಪ ದಿನ ಮುಂಚೆ ಬಸ್ಸಿನ ಕಡೆಯವನು ಒಬ್ಬ ಪಟ್ಟಿ ಹಿಡ್ಕೊಂಡು ಬಂದಿದ್ದ. ಡಿಪೋ ಅನ್ನೋ ಇಂಡಿಯನ್ ಇದಾನಾ ಅಂತ ಕೇಳ್ದ. ರಮೇಶ್ ನೀರಿಗೆ ಹೋಗಿದ್ದ. ಆ ಹೆಸರಿನೋರು ಇಲ್ಲ, ಇಲ್ಲಿ ರಮೇಶ್ ಒಬ್ಬನೇ ಅಂದ್ವಿ. ಅವನು ಹೋದ."

ಅವಳ ತಲೆಯನ್ನು ನಾನು ಪೂರ್ತಿ ಹಚ್ಚಿ ಮುಗಿಸಿದೆ. ಜಡೆ ಹಾಕಿದೆ. ಕೈ ಒರೆಸಿಕೊಂಡು ಎದ್ದೆ. ಒಂದು ಮಾತು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಪೇಟದ ಒಳಗೆ ಏನಿತ್ತು ಎಂದು ಕೇಳಲಿಲ್ಲ. ಸ್ನಾನ ಮಾಡಿಸಿದವನಿಗೆ ಗೊತ್ತಿರುತ್ತದೆ, ಅವನು ತಂಗಿಗೆ ಹೇಳಿರುತ್ತಾನೆ. ಆಮೇಲೂ ಊರಿಗೆ ಹೊರಡುವ ತನಕ ವಾರಕ್ಕೊಂದು ಸಲ ಹೋಗಿ ಅವಳ ತಲೆಗೆ ಎಣ್ಣೆ ಹಚ್ಚಿದೆ. ಸೀತಿಯ ಫೋನನ್ನು ಒಂದು ಸಲವೂ ತೆಗೆದುಕೊಂಡು ಹೋಗಲಿಲ್ಲ. ಗುಜರಾತಿನವನು, ರಮೇಶ್, ನನ್ನವನಲ್ಲ ಎಂದು ನಾನು ನನಗೇ ಹೇಳಿಕೊಂಡೆ. ನಮ್ಮ ಮನೆಮಾತು ಗುಜರಾತಿಗೆ ಹತ್ತಿರ. ಊರು ಮುಚ್ಚಿಡಬೇಕಾದಾಗ ನಮ್ಮವರು ಹೇಳುವುದು ಗುಜರಾತ್ ಎಂದೇ. ಅದನ್ನು ಡಿಪೋಗೆ ಹೇಳಿಕೊಟ್ಟವಳೂ ನಾನೇ.

ಸೆಪ್ಟೆಂಬರಿನಲ್ಲಿ ಊರಿಗೆ ಹೋದೆ. ರೋಜಾ ಕೇಳಿದಳು, "ಏನಾದ್ರೂ ಗೊತ್ತಾಯ್ತಾ ಅತ್ತೆ?" ಇಲ್ಲ ಎಂದೆ. ಮೂರು ವರ್ಷ ಹಾಗೆಯೇ ಎಂದೆ. ಅವಳು ಕುಂಕುಮವನ್ನು ಒರೆಸಲೂ ಇಲ್ಲ, ಮನಸ್ಸಿಟ್ಟು ಇಡಲೂ ಇಲ್ಲ. ಹೋದ ವರ್ಷ ಅವಳ ಅಪ್ಪ ಬಂದು ನನ್ನ ಬಾಗಿಲಲ್ಲಿ ಕೂತ. ಗೋಪನಾಳಿನ ನಮ್ಮವರ ಕಾಲೊನಿಯ ಒಬ್ಬ ಅವಳನ್ನು ಕೇಳುತ್ತಿದ್ದಾನೆ, ಒಳ್ಳೆಯವನು, ಮಗುವನ್ನೂ ನೋಡಿಕೊಳ್ಳುತ್ತಾನೆ. ನಮ್ಮಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗಬಹುದು, ಆದರೆ ಗಂಡ ಸತ್ತ ಎಂದು ಯಾರಾದರೂ ಪಂಚಾಯ್ತಿಯಲ್ಲಿ ಹೇಳಬೇಕು. ಆ ಯಾರಾದರೂ ನಾನೇ. "ನೀನ್ ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ," ಎಂದ. ನೋಡೋಣ ಎಂದು ಕಳಿಸಿದೆ. ಮಗನನ್ನು ಸಾಯಿಸಲು ನನಗೆ ಇಷ್ಟವಿರಲಿಲ್ಲ. ಅದಕ್ಕೆ ಬದಲು ರೋಜಾಳನ್ನು ಕೊಳೆಯಲು ಬಿಟ್ಟಿದ್ದೆ. ಇದನ್ನು ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ.

ಈ ಏಪ್ರಿಲಿನಲ್ಲಿ ಮತ್ತೆ ಬಂದೆವು. ಅದೇ ಕೋಣೆ, ಅದೇ ಮೋರಿ. ವಿಮಲಾ ಮೇಡಂ ಕಂಡ ಕೂಡಲೇ, "ಅಜ್ಜಿ, ನಿಮ್ಮ ಸುಡಾನ್ ಫ್ರೆಂಡ್ ವಾಪಸ್ ಹೋಗ್ತಿದಾಳೆ, ಗೊತ್ತಾ?" ಎಂದರು. ಖಾರ್ಟೂಮನ್ನು ಸೈನ್ಯ ಮತ್ತೆ ಹಿಡಿದಿದೆಯಂತೆ. ಪಶ್ಚಿಮದಲ್ಲಿ ಇನ್ನೂ ಹೊಡೆದಾಡುತ್ತಿದ್ದಾರೆ, ಆದರೂ ಜನ ತಮ್ಮ ಮನೆಯ ಗೋಡೆ ನಿಂತಿದೆಯೇ ಎಂದು ನೋಡಲು ಹೊರಟಿದ್ದಾರೆ.

ಸೀತಿ ಕಾಯಿಸಿದ ಎಳ್ಳೆಣ್ಣೆ ಆರಿದ ಮೇಲೆ ಒಂದು ಬಾಟಲು ತುಂಬಿಕೊಂಡೆ. ಮಟಾಟುವಿನಲ್ಲಿ ಮುಚ್ಚಳದ ಸಂದಿಯಿಂದ ಸೋರಿ ಸೆರಗಿಗೆ ಹತ್ತಿತು. ದಾರಿಯುದ್ದಕ್ಕೂ ನನ್ನ ಮಡಿಲಲ್ಲಿ ಅವನ ವಾಸನೆ. ಗೇಟಿನಲ್ಲಿ ಅದೇ ಕಾವಲುಗಾರ, ಹಲ್ಲು ಒಂದು ಕಡಿಮೆಯಾಗಿತ್ತು. "ಮಾಮಾ ಮಫುತಾ! ಇವತ್ತು ಯಾವ ಹೆಸರು?" ಎಂದ. "ನಿಂಗಿಷ್ಟ ಬಂದಿದ್ದು ಬರ್ಕೋ," ಎಂದು ಕೈಯಾಡಿಸಿ ಒಳಗೆ ಹೋದೆ.

ಹನಾನ್ ಮನೆ ತುಂಬ ಪೆಟ್ಟಿಗೆ. ಅವಳ ಕೂದಲು ಮತ್ತೆ ಬಂದಿತ್ತು, ದಟ್ಟವಾಗಿ, ಅಲ್ಲಲ್ಲಿ ಬೆಳ್ಳಗೆ. "ನೋಡಿ ಆಂಟಿ, ನಿಮ್ಮ ತೊಂಬತ್ತೇಳು ಸೀಕ್ರೆಟ್ ಕೆಲ್ಸ ಮಾಡ್ತು," ಎಂದಳು. ಆಮೇಲೆ ಬಾಟಲು ಮೂಸಿ, ಮತ್ತೆ ಮೂಸಿದಳು. ತಾನೇ ನೆಲದ ಮೇಲೆ ಕೂತು ತಲೆಯ ಬಟ್ಟೆ ತೆಗೆದಳು. ನಾನು ಹಿಂದೆ ಕೂತು ಎಣ್ಣೆ ಸುರಿದೆ. ಹೊರಗೆ ಮಳೆ ಶುರುವಾಯಿತು. ಬೈತಲೆಯಿಂದ ಕಿವಿಯ ತನಕ, ಕಿವಿಯಿಂದ ಕತ್ತಿನ ತನಕ ಹಚ್ಚಿದೆ. ಅವಳು ಊರಿಗೆ ಹೋಗಿ ಮೊದಲು ಏನೇನು ಮಾಡಬೇಕೆಂದಿದ್ದಾಳೆ ಎಂದು ಹೇಳುತ್ತಿದ್ದಳು: ಬಾಗಿಲು ಹಾಕಿಸಬೇಕು, ಬಾವಿ ತೋಡಿಸಬೇಕು, ಸ್ಕೂಲಿನ ಅಂಗಳದಲ್ಲಿ ಹೂತವರನ್ನು ತೆಗೆದು ಸ್ಮಶಾನಕ್ಕೆ ಸಾಗಿಸುತ್ತಾರಂತೆ, ಒಬ್ಬೊಬ್ಬರದು ಹೆಸರು ನೋಡಿ, ಅವರವರ ಮನೆಯವರು ಬಂದು.

"ರಮೇಶ್‌ಗೆ ಯಾರು ಬರ್ತಾರೆ?" ಎಂದೆ.

ಅವಳ ಕೂದಲನ್ನು ಜಡೆಗೆ ಮೂರು ಎಳೆ ಮಾಡಿದೆ.

"ಹನಾನ್. ಅವನ ಕೂದಲು?"

ಅವಳು ತಿರುಗಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ತಂದು, ಅಂಗೈಯನ್ನು ಅಡ್ಡ ಮಾಡಿ, ತನ್ನ ಸೊಂಟಕ್ಕೆ ಇಟ್ಟು ತೋರಿಸಿದಳು. ಕೈಯನ್ನು ಹಾಗೇ ಹಿಡಿದುಕೊಂಡಿದ್ದಳು.

"ನೀವು ಕೇಳ್ಲಿಲ್ಲ ಆಂಟಿ," ಎಂದಳು. "ಅದಕ್ಕೆ ನಾನು ಹೇಳ್ಲಿಲ್ಲ. ಆವತ್ತು ನಿಮ್ಮ ಕೈ ತಣ್ಣಗಾಯ್ತು, ತಲೆ ಮೇಲೇ ಗೊತ್ತಾಯ್ತು."

ಜಡೆ ಹಾಕಿ ಮುಗಿಸಿದೆ. ಅವಳು ಎದ್ದು ಕೈ ತೊಳೆದು ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿ ತೆಗೆದು ನನ್ನ ಎದುರು ಕೂತಳು. ಹಲಗೆ ಬದಲಾಯಿಸಬೇಕು, ಸರಿಯಾದ ಹೆಸರು ಹೇಳಿ ಎಂದಳು. ಪೆನ್ನು ಹಿಡಿದವರ ಮುಂದೆ ನನ್ನ ನಾಲಗೆ ಒಣಗುವುದು ಹೊಸದಲ್ಲ. ಅವಳು ಕಾದಳು.

"ಡಿಪೋ," ಎಂದೆ. ಅವನ ಅಪ್ಪನ ಹೆಸರು ಹೇಳಿದೆ. ನನ್ನದೂ ಹೇಳಿದೆ. ಕಾಲೊನಿ, ಹುಣಸೂರು, ಮೈಸೂರು ಜಿಲ್ಲೆ. ಹುಟ್ಟಿದ್ದು ಹಾಸನದ ಬಸ್ ಡಿಪೋ ಹಿಂದೆ ಎಂದೂ ಹೇಳಿದೆ, ಅದು ಬೇಕಿರಲಿಲ್ಲ. ಅವಳು ಎಲ್ಲವನ್ನೂ ಅರಬ್ಬಿಯಲ್ಲಿ ಬಲದಿಂದ ಎಡಕ್ಕೆ ಬರೆದಳು. ಆರು ತಿಂಗಳ ಸಾಕ್ಷರತೆ ಪಾಠದಲ್ಲಿ ನಾನು ಕಲಿತದ್ದು ಕನ್ನಡದ ಅಕ್ಷರ, ಆ ಅಕ್ಷರ ನನಗೆ ತಿಳಿಯಲಿಲ್ಲ. ಓದು ಎಂದೆ. ಓದಿದಳು. ಇನ್ನೊಂದು ಸಲ ಓದು ಎಂದೆ. ಓದಿದಳು.

ಹೊರಗೆ ಬಂದಾಗ ಮಳೆ ಜೋರಾಗಿತ್ತು. ಕಾವಲುಗಾರ ತನ್ನ ಗೂಡಿನೊಳಗೆ ಜಾಗ ಬಿಟ್ಟು ಸ್ಟೂಲು ಕೊಟ್ಟ. ಅಲ್ಲಿಂದಲೇ ರೋಜಾಳಿಗೆ ಫೋನ್ ಮಾಡಿದೆ.

"ನಿಮ್ಮಪ್ಪಂಗೆ ಹೇಳು, ಪಂಚಾಯ್ತಿ ಕರೀಲಿ. ನಾನು ಬಂದು ಹೇಳ್ತೀನಿ."

ಆ ಕಡೆ ಮಗು ಏನೋ ಕೇಳುತ್ತಿತ್ತು, ರೋಜಾ ಅದನ್ನು ಸುಮ್ಮನಿರಿಸಿದಳು.

"ಯಾರು ಹೇಳಿದ್ರು ಅತ್ತೆ?"

"ಯಾರೂ ಹೇಳ್ಲಿಲ್ಲ," ಎಂದೆ. "ನಾನೇ ಕೇಳ್ದೆ."